ಕಪ್ಪಾದ ಈಳಿಗೆಯನ್ನು ಬೆಳ್ಳಗೆ ಮಾಡಲು ಹೋಗಬೇಡಿ

ಸಂಪಾದಕರಿಗೆ ನಮಸ್ಕಾರ.

ಮೂರು ವಾರದ ಹಿಂದೆ ನಿಮ್ಮ ಭಾನುವಾರದ ಪುರವಣಿಯಲ್ಲಿ, ಕಪ್ಪಾದ ಚಾಕು, ಈಳಿಗೆಗಳನ್ನು ನಿಂಬೆಹೋಳು ಮತ್ತು ಉಪ್ಪಿನಿಂದ ತಿಕ್ಕಿದರೆ ಹೊಸದರ ಹಾಗೆ ಫಳಫಳ ಹೊಳೆಯುತ್ತವೆ ಅಂತ ಒಂದು ಟಿಪ್ಸ್ ಬಂದಿತ್ತು. ನಮ್ಮ ಸೊಸೆ ಓದಿ ಸುಮ್ನೆ ಬಿಡಲಿಲ್ಲ. ನಮ್ಮವ್ವನ ಕಾಲದ ಈಳಿಗೆಯನ್ನು ಅರ್ಧ ತಾಸು ಕೂತು ತಿಕ್ಕಿ ಬೆಳ್ಳಗೆ ಮಾಡಿ ತಂದು ತೋರಿಸಿದಳು. ಹುಬ್ಬಳ್ಳಿಯಲ್ಲಿ ಆಗ ತಾನೇ ಜಿಟಿಜಿಟಿ ಮಳೆ ಹಿಡಿದಿತ್ತು. ಮರುದಿನ ನೋಡಿದರೆ ಅಲಗಿನ ತುಂಬ ಕೆಂಪು ಚುಕ್ಕೆ! ಅವಳ ತಪ್ಪೇನಿಲ್ಲ, ಪೇಪರಿನಲ್ಲಿ ಬಂದದ್ದನ್ನೇ ಮಾಡಿದ್ದಾಳೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಆ ಕಪ್ಪು ಕೊಳೆಯಲ್ಲ. ಅದೂ ಒಂದು ಥರದ ತುಕ್ಕೇ, ಆದರೆ ಒಳ್ಳೆಯ ತುಕ್ಕು. ಕೆಂಪು ತುಕ್ಕು ಪುಡಿಪುಡಿಯಾಗಿ ಉಬ್ಬಿ ಉದುರುತ್ತದೆ, ಕೆಳಗಿನ ಕಬ್ಬಿಣ ಮತ್ತೆ ಗಾಳಿಗೆ, ನೀರಿಗೆ ಬಾಯಿ ಬಿಡುತ್ತದೆ, ಮತ್ತೆ ತಿನ್ನುತ್ತದೆ. ಕಪ್ಪು ಬೂದು ಬಣ್ಣದ ಪದರ ಹಾಗಲ್ಲ, ಅಲಗಿಗೆ ಗಟ್ಟಿಯಾಗಿ ಅಂಟಿಕೊಂಡು ಕೂರುತ್ತದೆ. ಕೆಂಪು ತುಕ್ಕನ್ನು ಪೂರ್ತಿ ತಡೆಯುವುದಿಲ್ಲ, ಆದರೆ ಚೆನ್ನಾಗಿ ನಿಧಾನ ಮಾಡುತ್ತದೆ. ವರ್ಷಗಟ್ಟಲೆ ಈರುಳ್ಳಿ, ಬದನೆಕಾಯಿ, ಮಾವಿನಕಾಯಿ ಹೆಚ್ಚಿ ಹೆಚ್ಚಿ ಕೂತ ಪದರವನ್ನು ಅರ್ಧ ತಾಸಿನಲ್ಲಿ ಕಿತ್ತು, ಬೆತ್ತಲೆ ಕಬ್ಬಿಣಕ್ಕೆ ಹುಳಿ ಉಪ್ಪು ಹಚ್ಚಿದರೆ ಇನ್ನೇನಾಗುತ್ತದೆ? ತುಕ್ಕಿಗೆ ಉಪ್ಪಿನಷ್ಟು ಇಷ್ಟವಾದದ್ದು ಬೇರೆ ಇಲ್ಲ.

ಸ್ಟೀಲ್ ಚಾಕುವಿಗೆ ಈ ಪಾಡಿಲ್ಲ. ಅದರಲ್ಲಿ ನೂರಕ್ಕೆ ಹತ್ತೂವರೆ ಭಾಗಕ್ಕಿಂತ ಜಾಸ್ತಿ ಕ್ರೋಮಿಯಂ ಇರುತ್ತದೆ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಗೆಗೆ ಬೇಗ ಸವೆಯದ ಉಕ್ಕು ಹುಡುಕಲು ಹೋಗಿ ಇದನ್ನು ಕಂಡುಕೊಂಡ, ಆಮೇಲೆ ಅದು ಚಾಕು ಚಮಚಕ್ಕೆ ಬಂತು. ನಮ್ಮ ಕಡೆ ಕಮ್ಮಾರರು ಲಾರಿಯ ಕಮಾನು ಪಟ್ಟಿ ಬಡಿದು ಮಾಡುವ ಕುಡುಗೋಲು, ಕೊಯ್ತಾ, ಈಳಿಗೆಗಳು ಕಾರ್ಬನ್ ಉಕ್ಕಿನವು. ಜನ ಸುಮ್ನೆ ಕಬ್ಬಿಣ ಅಂತಾರೆ. ಅಂದಹಾಗೆ ಅಯಸ್ಕಾಂತ ಹಿಡಿದು ಗುರುತಿಸಲು ಹೋಗಬೇಡಿ, ಎಷ್ಟೋ ಸ್ಟೀಲ್ ಚಾಕುಗಳೂ ಅದಕ್ಕೆ ಅಂಟುತ್ತವೆ. ಅಲಗಿನ ಮೂಲೆಯಲ್ಲಿ ಒಂದು ಹನಿ ನಿಂಬೆರಸ ಬಿಟ್ಟು ಹತ್ತು ನಿಮಿಷ ಕಾಯಿರಿ. ಕಲೆ ಬಿದ್ದರೆ ಕಬ್ಬಿಣದ್ದು.

ಹೊಸ ಈಳಿಗೆಯಲ್ಲಿ ಧಾರವಾಡದ ಆಪೂಸು ಹೆಚ್ಚಿ ನೋಡಿದ್ದೀರಾ? ಎರಡೇ ಹಣ್ಣು ಮುಗಿಯುವಷ್ಟರಲ್ಲಿ ಅಲಗಿನ ಮೇಲೆ ಹೊಂಬಣ್ಣ, ನೇರಳೆ, ಆಮೇಲೆ ನವಿಲುಗರಿಯಂಥ ನೀಲಿ. ಅಲ್ಲಿ ಬಣ್ಣ ಅಂತ ಯಾರೂ ಬಳಿದಿರುವುದಿಲ್ಲ. ಪದರ ಕೂದಲಿನ ಸಾವಿರದ ಒಂದು ಪಾಲಿನಷ್ಟು ತೆಳುವಾಗಿರುತ್ತದೆ, ಅದರ ಮೇಲಿಂದ ಒಂದಿಷ್ಟು ಬೆಳಕು, ತಳದಿಂದ ಒಂದಿಷ್ಟು ಬೆಳಕು ವಾಪಸು ಬಂದು ಕೂಡಿದಾಗ ಹಾಗೆ ಕಾಣುತ್ತದೆ. ಮಳೆ ನಿಂತ ರಸ್ತೆಯಲ್ಲಿ ಡೀಸೆಲ್ ಚೆಲ್ಲಿದಾಗ ಕಾಣುತ್ತದಲ್ಲ, ಅದೇ ಆಟ. ಪದರ ದಪ್ಪ ಆದಂತೆ ನೀಲಿ ಹೋಗಿ ಬೂದು, ಕೊನೆಗೆ ಕಪ್ಪು. ಮೊದಲ ಕೆಲವು ವಾರ ಬದನೆಕಾಯಿ, ಬಾಳೆಕಾಯಿ ಕಪ್ಪಾಗುತ್ತವೆ, ಈರುಳ್ಳಿಗೆ ಒಂದಿಷ್ಟು ಕಬ್ಬಿಣದ ವಾಸನೆ ಬರುತ್ತದೆ. ಹೊಸ ಸೊಸೆಯ ಹಾಗೆ, ಹೊಂದಿಕೊಳ್ಳಲು ಸ್ವಲ್ಪ ದಿನ ಬೇಕು. ಆಮೇಲೆ ಆ ಕಾಟ ಕಡಿಮೆ.

ಆದರೆ ಎಲ್ಲ ನೀಲಿಯೂ ಒಳ್ಳೆಯದಲ್ಲ. ಇದನ್ನು ನಾನು ಕಳಕೊಂಡು ಕಲಿತೆ.

ನಮ್ಮಪ್ಪ ಇಲ್ಲಿನ ರೈಲ್ವೆ ವರ್ಕ್‌ಶಾಪಿನಲ್ಲಿ ಕುಲುಮೆ ಕೆಲಸದಲ್ಲಿದ್ದರು. ಥರ್ಮಾಮೀಟರ್ ಗಿರ್ಮಾಮೀಟರ್ ಇಲ್ಲದೆ ಉಕ್ಕಿನ ಕಾವನ್ನು ಬಣ್ಣದಲ್ಲೇ ಓದುತ್ತಿದ್ದರು. ಕಾಸಿ ನೀರಿಗೆ ಅದ್ದಿದ ಉಕ್ಕು ಗಾಜಿನಷ್ಟು ಪೆಡಸು, ಅದನ್ನು ಮತ್ತೆ ಹದವಾಗಿ ಕಾಸಬೇಕು. ಸುಮಾರು 200 ಡಿಗ್ರಿ ದಾಟಿದಾಗ ತೆಳು ಹುಲ್ಲಿನ ಬಣ್ಣ, 240ರ ಹೊತ್ತಿಗೆ ಬೆಲ್ಲದ ಬಣ್ಣ, 280ರ ಹತ್ತಿರ ನೇರಳೆ, 300ರ ಸುತ್ತಮುತ್ತ ನೀಲಿ. "ಚಾಕುವಿಗೆ ಹುಲ್ಲಿನ ಬಣ್ಣಕ್ಕ ನಿಲ್ಲಸಬೇಕು, ಸ್ಪ್ರಿಂಗಿಗೆ ನೀಲಿ ಮಟ ಬಿಡಬೇಕು" ಅನ್ನುತ್ತಿದ್ದರು. ನೀಲಿಗೆ ಹೋದ ಉಕ್ಕು ಬಾಗುತ್ತದೆ, ಮುರಿಯುವುದಿಲ್ಲ, ಆದರೆ ಧಾರ ಹಿಡಿಯುವ ಗಡಸು ಉಳಿಯುವುದಿಲ್ಲ. ಅವರು ಸವೆದ ಅರವೊಂದನ್ನು ಬಡಿದು ನನಗೊಂದು ಚಾಕು ಮಾಡಿಕೊಟ್ಟಿದ್ದರು.

ಹೋದ ವರ್ಷ ಅದನ್ನು ಸಾಣೆಗೆ ಕೊಟ್ಟೆ. ಮುಂಚೆ ಸೈಕಲ್ ತುಳಿದು ಸಾಣೆ ಹಿಡಿಯುವವರು ಓಣಿಗೆ ಬರುತ್ತಿದ್ದರು, ಈಗ ಅಪರೂಪ. ಈತನ ಹತ್ತಿರ ಕರೆಂಟಿನ ಗ್ರೈಂಡರ್ ಇತ್ತು, ನಿಮಿಷಕ್ಕೆ ಸುಮಾರು 2,800 ಸುತ್ತು ತಿರುಗುವಂಥದ್ದು. ನೀರು ಮುಟ್ಟಿಸದೆ ಒತ್ತಿ ಹಿಡಿದ. ಕಿಡಿ ಹಾರಿದ್ದು ನೋಡಲು ಚಂದ ಇತ್ತು, ನಾನೂ ಬಾಯಿ ತೆರೆದು ನೋಡುತ್ತಾ ನಿಂತೆ, ದಡ್ಡ. ಧಾರೆಯ ಅಂಚು ತೆಳು, ಕಾವು ಹೋಗಲು ದಾರಿಯೇ ಇಲ್ಲ, ಕ್ಷಣದಲ್ಲಿ ನೀಲಿ ಗೆರೆ ಎದ್ದಿತು. ಅವನು ಅದನ್ನೂ ಒರೆಸಿ ಬೆಳ್ಳಗೆ ಮಾಡಿ ಕೊಟ್ಟ. ಬಣ್ಣ ಹೋಯಿತು, ಮೆತ್ತಗಾದದ್ದು ಹಾಗೇ ಉಳಿಯಿತು. ಒಂದು ಟೊಮೆಟೊ ಬುಟ್ಟಿ ಹೆಚ್ಚುವಷ್ಟರಲ್ಲಿ ಮೊಂಡು. ಈಗ ನಾನೇ ದಿನಾ ಸಂಜೆ ನೀರು ಹಾಕಿ ಮಸೆಯುವ ಕಲ್ಲಿನ ಮೇಲೆ ಆ ಮೆತ್ತನೆ ಅಂಚನ್ನು ಸವೆಸುತ್ತಿದ್ದೇನೆ, ಒಳಗಿನ ಗಟ್ಟಿ ಉಕ್ಕು ಸಿಗುವ ತನಕ. ಹಾಗಾಗಿ ಸಾಣೆಗೆ ಕೊಡುವವರು ಪಕ್ಕದಲ್ಲೇ ನಿಲ್ಲಿ. ಅಲಗು ಕೈಗೆ ಬಿಸಿ ತಾಗುವ ಮುಂಚೆ ನೀರಿಗೆ ಅದ್ದಬೇಕು. ಅಂಚು ನೀಲಿಯಾದ ಮೇಲೆ ಅದ್ದಿ ಪ್ರಯೋಜನವಿಲ್ಲ.

ಇನ್ನೊಂದು. ಪುಣೆಯಲ್ಲಿರುವ ನನ್ನ ಅಳಿಯ ಆನ್‌ಲೈನಿನಲ್ಲಿ 'ಬ್ಲೂಯಿಂಗ್' ದ್ರವದ ಬಾಟಲಿ ತರಿಸಿದ್ದ, ಒರೆಸಿದರೆ ಸಾಕು ನೀಲಿಗಪ್ಪು ಬರುತ್ತದೆ ಅಂತ. ಅದು ಬಂದೂಕಿಗೆ ಹಚ್ಚುವಂಥದ್ದು. ಅಂಥ ದ್ರವಗಳಲ್ಲಿ ಸಾಮಾನ್ಯವಾಗಿ ಸೆಲೆನಿಯಂ ಇರುತ್ತದೆ, ಅದು ವಿಷ. ಅಡುಗೆಮನೆಯ ಹತ್ತಿರ ಬೇಡವೇ ಬೇಡ. ಅವಸರ ಇದ್ದರೆ ಬಿಸಿ ವಿನೆಗರ್ ಒರೆಸಿ, ಬೂದು ಬಣ್ಣ ಬಂದಮೇಲೆ ತೊಳೆದು ಒಣಗಿಸಿ, ಅಷ್ಟೇ ಸಾಕು.

ಕೆಂಪು ಕಂಡರೆ ಮಾತ್ರ ಬೂದಿ ಹಾಕಿ ಮೆತ್ತಗೆ ತಿಕ್ಕಿ ತೆಗೆಯಿರಿ, ಕಪ್ಪನ್ನು ಬಿಡಿ. ತುಕ್ಕು ಹಿಡಿದದ್ದು ತಾಗಿದರೆ ಧನುರ್ವಾಯು ಅಂತ ಹೆದರುತ್ತಾರೆ. ಆ ರೋಗದ ಕ್ರಿಮಿ ಇರುವುದು ಮಣ್ಣಿನಲ್ಲಿ, ಸಗಣಿಯಲ್ಲಿ, ತುಕ್ಕಿನಿಂದ ಅದು ಹುಟ್ಟುವುದಿಲ್ಲ. ಗಾಯ ಆದರೆ ಇಂಜೆಕ್ಷನ್ ವಿಷಯ ಡಾಕ್ಟರನ್ನು ಕೇಳಿ, ಅದು ಬೇರೆ ಮಾತು. ಹೆಚ್ಚಿದ ಕೂಡಲೇ ತೊಳೆದು ಒರೆಸಿಡಿ. ಮಳೆಗಾಲದಲ್ಲಿ ಒಂದು ಹನಿ ಶೇಂಗಾ ಎಣ್ಣೆ ಸವರಿ. ಕುಸುಬಿ ಎಣ್ಣೆ ಜಾಸ್ತಿ ಹಚ್ಚಿ ತಿಂಗಳುಗಟ್ಟಲೆ ಇಟ್ಟರೆ ಒಣಗಿ ಅಂಟಂಟಾಗುತ್ತದೆ, ಅದು ನಮ್ಮ ಮನೆಯಲ್ಲೇ ಆದದ್ದು.

ಮುಂದಿನ ಸಲ ಇಂಥ ಟಿಪ್ಸ್ ಹಾಕುವಾಗ ಸ್ಟೀಲಿಗೋ ಕಬ್ಬಿಣಕ್ಕೋ ಅಂತ ಒಂದು ಮಾತು ಸೇರಿಸಿ. ಸೊಸೆ ಈಗ ನಿಂಬೆ ಬಿಟ್ಟು ಈಳಿಗೆಗೆ ದಿನಾ ಈರುಳ್ಳಿ ಕೊಡುತ್ತಿದ್ದಾಳೆ. ಬುಡದ ಕಡೆ ಬೂದು ಬಣ್ಣ ಕೂತಿದೆ, ಮೂತಿಯ ಹತ್ತಿರ ಇನ್ನೂ ಬೆಳ್ಳಗೇ ಇದೆ.

ಇಂತಿ,
ಒಬ್ಬ ಹಳೇ ಓದುಗ
ಹುಬ್ಬಳ್ಳಿ