ಉಳಿದ 160 ಗಂಟೆಗಳ ಬಗ್ಗೆ ಆರೋಗ್ಯ ಸಚಿವರಿಗೊಂದು ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ. ನಮ್ಮಪ್ಪನಿಗೆ ಕಿಡ್ನಿ ಫೇಲ್ ಆಗಿ ಮೂರು ವರ್ಷವಾಯಿತು. ವಾರಕ್ಕೆ ಎರಡು ಸಲ ತಾಲ್ಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್, ಒಂದೊಂದು ಸಲಕ್ಕೂ ನಾಲ್ಕು ಗಂಟೆ. ದುಡ್ಡು ಕೇಳುವುದಿಲ್ಲ. 2016ರಲ್ಲಿ ಕೇಂದ್ರದ ಡಯಾಲಿಸಿಸ್ ಯೋಜನೆ ಬರುವ ಮುಂಚೆ ಇದಕ್ಕಾಗಿ ಜಮೀನು ಮಾರಿದವರು ನಮ್ಮೂರಲ್ಲೇ ಇದ್ದಾರೆ. ಹಾಗಾಗಿ ಇದು ಸುಮ್ನೆ ಬೈಯುವ ಪತ್ರ ಅಲ್ಲ.

ಒಂದು ಲೆಕ್ಕ ನೋಡಿ. ವಾರಕ್ಕೆ 168 ಗಂಟೆ. ಮೆಷಿನ್ ಅಪ್ಪನನ್ನು ನೋಡಿಕೊಳ್ಳುವುದು 8 ಗಂಟೆ. ಉಳಿದ 160 ಗಂಟೆ ಕಾಯುವುದು ನಮ್ಮಜ್ಜಿಯ ಹಳೇ ಎಲೆಅಡಿಕೆ ಡಬ್ಬಿ. ಈಗ ಅದರ ತುಂಬ ಮಾತ್ರೆ.

ಅದರಲ್ಲಿ ಸೆವೆಲಮರ್ ಅಂತ ಒಂದಿದೆ. ಹುಣಸೆ ಬೀಜದಷ್ಟು ದಪ್ಪ. ಜಗಿಯುವ ಹಾಗಿಲ್ಲ, ಪುಡಿ ಮಾಡುವ ಹಾಗಿಲ್ಲ. ಊಟದಲ್ಲಿರುವ ರಂಜಕವನ್ನು (ಫಾಸ್ಫರಸ್) ಹೊಟ್ಟೆಯಲ್ಲೇ ಹಿಡಿದುಕೊಳ್ಳುವುದು ಅದರ ಕೆಲಸ. ಅಂದರೆ ಊಟದ ಜೊತೆಗೇ ಹೋಗಬೇಕು, ಖಾಲಿ ಹೊಟ್ಟೆಗೆ ನುಂಗಿದರೆ ದಂಡ. ಚೀಟಿಯಲ್ಲಿ 1-1-1 ಅಂತ ಮಾತ್ರ ಇತ್ತು. ಅಪ್ಪ ಆರು ತಿಂಗಳು ಮೂರನ್ನೂ ಒಟ್ಟಿಗೆ, ಮಲಗುವಾಗ ನುಂಗುತ್ತಿದ್ದರು. "ದಿನಕ್ಕೆ ಮೂರು ತಾನೇ, ಯಾವಾಗಾದ್ರೇನು?" ರಕ್ತದಲ್ಲಿ ರಂಜಕ ಏರಿ ರಾತ್ರಿಯೆಲ್ಲ ಮೈ ಕಡಿತ. ಬಾಗಿಲ ಚೌಕಟ್ಟಿಗೆ ಬೆನ್ನು ತಿಕ್ಕುತ್ತಾ ನಿಂತಿರುತ್ತಿದ್ದರು. ಕೊನೆಗೆ ನರ್ಸ್ ಒಬ್ಬರು, "ಅಜ್ಜ, ಅರ್ಧ ಮುದ್ದೆ ಉಂಡ ಮೇಲೆ ಒಂದು ನುಂಗಿ, ಆಮೇಲೆ ಉಳಿದರ್ಧ ಉಣ್ಣಿ" ಅಂದರು. ಅಷ್ಟೇ. ಎರಡು ನಿಮಿಷದ ಮಾತು.

ನೀರಿನ ಕಥೆ ಬೇರೆ. ಕಿಡ್ನಿ ನೀರನ್ನು ಸರಿಯಾಗಿ ಹೊರಹಾಕದ್ದರಿಂದ ಕಾಫಿ, ಸಾರು, ಮಜ್ಜಿಗೆ ಎಲ್ಲ ಸೇರಿ ಅಪ್ಪನಿಗೆ ದಿನಕ್ಕೆ ಒಂದೇ ಲೀಟರ್. ಹದಿನಾಲ್ಕು ಮಾತ್ರೆ ನುಂಗುವ ನೀರೂ ಅದರಲ್ಲೇ ಬರಬೇಕು. ಏಪ್ರಿಲ್ ಬಿಸಿಲಲ್ಲಿ ಮಾತ್ರೆಗೆ ನೀರೋ, ಬಾಯಾರಿಕೆಗೋ ಅಂತ ಬಂದಾಗ ಯಾವುದು ತಪ್ಪುತ್ತದೆ ಅಂತ ಹೇಳಬೇಕಾಗಿಲ್ಲ ಅಲ್ವಾ?

ಅಪ್ಪ ಓದಿದವರಲ್ಲ. ಬಣ್ಣ ನೋಡಿ ಮಾತ್ರೆ ಗುರುತಿಸುತ್ತಾರೆ. ಒಮ್ಮೆ ಬಿಪಿ ಮಾತ್ರೆಯ ಕಂಪನಿ ಬದಲಾಯಿತು, ಬಿಳಿ ಹೋಗಿ ಗುಲಾಬಿ ಬಂತು. ಹಳೆಯ ಬಿಳಿಯೂ ಡಬ್ಬಿಯಲ್ಲಿತ್ತು. ಎರಡನ್ನೂ ತಗೊಂಡು ಬಚ್ಚಲ ಹತ್ತಿರ ತಲೆ ಸುತ್ತಿ ಬಿದ್ದರು. ಇನ್ನು ಡಯಾಲಿಸಿಸ್ ದಿನ ಬೆಳಗ್ಗೆ ಬಿಪಿ ಮಾತ್ರೆ ಬೇಡ ಅಂದಿದ್ದಾರೆ, ಮೆಷಿನ್ ಮೇಲೆ ಬಿಪಿ ಇಳಿಯಬಾರದು ಅಂತ. ಸಂಜೆ ತಗೋಬೇಕು ಅನ್ನುವುದು ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ದುಡ್ಡಿನ ಮಾತಿಗೆ ಬರೋಣ. ಅಪ್ಪನ ಸಂಧ್ಯಾ ಸುರಕ್ಷಾ ಪಿಂಚಣಿ 1,200 ರೂಪಾಯಿ. ಸೆವೆಲಮರ್ ಒಂದಕ್ಕೇ ಅದು ಸಾಲದು. ಅಮ್ಮನ ಗೃಹಲಕ್ಷ್ಮಿ 2,000 ಬಂದ ವಾರ ಮಾತ್ರೆ ಪೂರ್ತಿ. ತಿಂಗಳ ಕೊನೆಗೆ ಎರಡು ದಿನಕ್ಕೊಂದು. ಡಾಕ್ಟರು ಕೇಳಿದರೆ, "ಎಲ್ಲಾ ತಗೋತಿದ್ದೀನಿ ಸಾಹೇಬ್ರೇ." ಬೈಸಿಕೊಳ್ಳುವುದಕ್ಕಿಂತ ಸುಳ್ಳು ಸಲೀಸು. ಅದನ್ನು ನಂಬಿ ಅವರು ಇನ್ನೊಂದು ಮಾತ್ರೆ ಜಾಸ್ತಿ ಬರೆಯುತ್ತಾರೆ!

ರಕ್ತ ಹೆಚ್ಚಿಸುವ ಎರಿತ್ರೋಪೊಯೆಟಿನ್ ಇಂಜೆಕ್ಷನ್ ಕೂಡ ಹೀಗೇ. "ಸ್ಟಾಕ್ ಇಲ್ಲ, ಹೊರಗೆ ತನ್ನಿ" ಅನ್ನುವ ತಿಂಗಳುಗಳಿವೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅಂತಾರೆ. ಇಲ್ಲಿ ಪೂಜಾರಿಯನ್ನು ಬೈಯೋಕೂ ಆಗಲ್ಲ, ಅವರ ಫ್ರಿಜ್ಜೇ ಖಾಲಿ. ಇಂಜೆಕ್ಷನ್ ತಪ್ಪಿದರೆ ಹಿಮೋಗ್ಲೋಬಿನ್ ಇಳಿಯುತ್ತದೆ, ಬೇರೆಯವರ ರಕ್ತ ಹಾಕಬೇಕಾಗುತ್ತದೆ. ಹಾಗೆ ಹಾಕಿದಷ್ಟೂ ದೇಹದಲ್ಲಿ ಬೇರೆಯವರ ಅಂಗವನ್ನು ಒಪ್ಪದ ಪ್ರತಿಕಾಯ ಬೆಳೆಯಬಹುದು, ಮುಂದೆ ಕಿಡ್ನಿ ಕಸಿಗೆ ಹೊಂದುವ ಕಿಡ್ನಿ ಸಿಗುವುದು ಕಷ್ಟವಾಗುತ್ತದೆ. ವಾರ್ಡಿನಲ್ಲಿ ಮೂವತ್ತು ದಾಟದ ಹುಡುಗರಿದ್ದಾರೆ. ಅವರಿಗೋಸ್ಕರ ಇದನ್ನು ಬರೆಯುತ್ತಿದ್ದೇನೆ.

ಕೇಳುತ್ತಿರುವುದು ದೊಡ್ಡದೇನಲ್ಲ. ಡಯಾಲಿಸಿಸ್ ಉಚಿತ ಅಂದರೆ ಅದರ ಮಾತ್ರೆ, ಇಂಜೆಕ್ಷನ್ನೂ ಅದರೊಳಗೇ ಬರಲಿ. ತಿಂಗಳ ಮಾತ್ರೆ ಒಟ್ಟಿಗೆ ಅದೇ ವಾರ್ಡಿನಲ್ಲಿ ಸಿಗಲಿ. ಲಕೋಟೆ ಮೇಲೆ ಸೂರ್ಯ, ಚಂದ್ರ, ತಟ್ಟೆಯ ಚಿತ್ರ ಇರಲಿ. ಮೆಷಿನ್ ಮೇಲೆ ನಾಲ್ಕು ಗಂಟೆ ಸುಮ್ಮನೆ ಮಲಗಿರುತ್ತಾರಲ್ಲ, ಆಗ ಫಾರ್ಮಸಿಸ್ಟ್ ಒಬ್ಬರು ಹತ್ತು ನಿಮಿಷ ಬಂದು ಡಬ್ಬಿ ತೆರೆದು ನೋಡಲಿ.

ಕಿಡ್ನಿ ಇನ್ನೂ ಹೋಗದವರದ್ದೂ ಇದೇ ಪಾಡು. ಬಿಪಿ, ಶುಗರ್ ಇದ್ದರೂ ನೋವಿಲ್ಲ ಅಂತ ಮಾತ್ರೆ ಬಿಡುತ್ತಾರೆ. ಅಪ್ಪನೂ ಹಾಗೇ ಬಿಟ್ಟವರು, ಮಂಡಿನೋವಿಗೆ ಮಾತ್ರ ಅಂಗಡಿಯಿಂದ ಡೈಕ್ಲೋಫೆನಾಕ್ ಅನ್ನುವ, ಕಿಡ್ನಿಗೆ ಪೆಟ್ಟು ಕೊಡಬಲ್ಲ ನೋವಿನ ಮಾತ್ರೆ ತಂದು ನುಂಗಿದವರು. 2024ರಲ್ಲಿ ಕೋಲಾರದಿಂದ ಶುರುವಾದ ನಿಮ್ಮ ಗೃಹ ಆರೋಗ್ಯ ಯೋಜನೆಯವರು ಮನೆಗೆ ಬಂದಾಗ ಹೊಸ ಸ್ಟ್ರಿಪ್ ಕೊಡುವ ಮುಂಚೆ ಹಳೇ ಸ್ಟ್ರಿಪ್ ತೋರಿಸಿ ಅನ್ನಲಿ. ಎಷ್ಟು ಉಳಿದಿದೆ, ಯಾಕೆ ಉಳಿದಿದೆ ಅಂತ ಕೇಳಲಿ. ಗದರಿಸದೆ ಕೇಳಲಿ.

ನೀವು ಮುಂದಿನ ಸಲ ಯಾವುದಾದರೂ ತಾಲ್ಲೂಕು ಆಸ್ಪತ್ರೆಗೆ ಹೋದಾಗ ಎಷ್ಟು ಮೆಷಿನ್ ಇದೆ ಅಂತ ಹೇಗೂ ಕೇಳುತ್ತೀರಿ. ಜೊತೆಗೆ ಒಬ್ಬರ ಮಾತ್ರೆ ಡಬ್ಬಿಯನ್ನೂ ತೆರೆಸಿ. ನಮ್ಮೂರಿಗೇ ಬರುವುದಾದರೆ ಅಪ್ಪ ಮಂಗಳವಾರ, ಶುಕ್ರವಾರ ಬೆಳಗ್ಗೆ ಏಳಕ್ಕೆ ಅಲ್ಲಿರುತ್ತಾರೆ. ಡಬ್ಬಿ ತಲೆದಿಂಬಿನ ಪಕ್ಕದಲ್ಲೇ ಇರುತ್ತದೆ.

ಇಂತಿ,
ಡಯಾಲಿಸಿಸ್ ರೋಗಿಯೊಬ್ಬರ ಮಗಳು