ಹೊಸ ಋತುವಿಗೆ ಮುನ್ನ, ಬೆನ್ ಹಂಟ್ ಬಗ್ಗೆ ಅಪ್ಪನಿಗೆ

ವೊಲೊಂಗಾಂಗ್, ನ್ಯೂ ಸೌತ್ ವೇಲ್ಸ್
25 ಫೆಬ್ರವರಿ 2018

ತೀರ್ಥರೂಪ ಅಪ್ಪನವರಿಗೆ ಮಗಳು ಮಾಡುವ ನಮಸ್ಕಾರಗಳು.

ಇಲ್ಲಿ ನಾವೆಲ್ಲರೂ ಕ್ಷೇಮ. ಅಮ್ಮನ ಮಂಡಿನೋವು ಕಡಿಮೆಯಾಗಿದೆ ಎಂದು ತಿಳಿದು ಸಮಾಧಾನವಾಯಿತು. ಕಳೆದ ವಾರ ಫೋನಿನಲ್ಲಿ ನೀವು, ನಮ್ಮ ಕಚೇರಿಯವರೆಲ್ಲ ಟೀ ಹೊತ್ತಿನಲ್ಲಿ ಜಗಳವಾಡುವುದು ಯಾರ ವಿಷಯಕ್ಕೆ ಎಂದು ಕೇಳಿದಿರಿ. ಬೆನ್ ಹಂಟ್ ಎಂಬ ಆಟಗಾರನ ವಿಷಯಕ್ಕೆ; ಫೋನಿನಲ್ಲಿ ಅರ್ಧಕ್ಕೇ ನಿಂತ ಆ ಮಾತನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಈ ಊರಿನವರ ಆಟ ರಗ್ಬಿ ಲೀಗ್, ಇವರ ತಂಡ ಸೇಂಟ್ ಜಾರ್ಜ್ ಇಲವಾರಾ ಡ್ರ್ಯಾಗನ್ಸ್. ಸಿಡ್ನಿಯ ಸೇಂಟ್ ಜಾರ್ಜ್ ತಂಡವೂ ಇಲ್ಲಿಯ ಇಲವಾರಾ ಸ್ಟೀಲರ್ಸ್ ತಂಡವೂ ಒಂದಾಗಿ 1999ರಿಂದ ಆಡುತ್ತಿರುವ ತಂಡ ಅದು. ಸ್ಟೀಲರ್ಸ್ ಎಂಬ ಹೆಸರು ಬಂದದ್ದು ಪೋರ್ಟ್ ಕೆಂಬ್ಲಾದ ಉಕ್ಕಿನ ಕಾರ್ಖಾನೆಯಿಂದ. ಭದ್ರಾವತಿಯ ಕುಲುಮೆಯ ಬೆಳಕಿನಲ್ಲಿ ಬೆಳೆದ ನನಗೆ ಆ ಹೆಸರು ಕೇಳಿದ ದಿನವೇ ತಂಡ ಹತ್ತಿರದ್ದಾಯಿತು. ಆಟದಲ್ಲಿ ಒಂದೊಂದು ಕಡೆ ಹದಿಮೂರು ಜನ; ಓವರಿಗೆ ಆರು ಎಸೆತ ಇರುವ ಹಾಗೆ ಚೆಂಡು ಹಿಡಿದ ತಂಡಕ್ಕೆ ಆರು ಟ್ಯಾಕಲ್ (ಚೆಂಡು ಹಿಡಿದು ಓಡುವವನನ್ನು ಎದುರಾಳಿಗಳು ಹಿಡಿದು ನಿಲ್ಲಿಸುವುದು) ಸಿಗುತ್ತವೆ, ಆರನೆಯದಕ್ಕೆ ಸಿಕ್ಕಿಬಿದ್ದರೆ ಚೆಂಡು ಎದುರಾಳಿಗೆ ಹೋಗುತ್ತದೆ. ಆದ್ದರಿಂದ ಐದು ಟ್ಯಾಕಲ್ ಮುಗಿದ ಮೇಲೆ ಚೆಂಡನ್ನು ಎಲ್ಲಿಗೆ ಒದೆಯಬೇಕು, ಅದಕ್ಕೆ ಮೊದಲು ಯಾರ ಕೈಗೆ ಕೊಡಬೇಕು ಎಂದು ತೀರ್ಮಾನಿಸುವವನೇ ತಂಡದ ಮೆದುಳು. ಅವನನ್ನು ಹಾಫ್‌ಬ್ಯಾಕ್ ಎನ್ನುತ್ತಾರೆ. ಬೆನ್ನಿನ ಮೇಲೆ 7 ಎಂಬ ಸಂಖ್ಯೆ ಇರುತ್ತದೆ.

ಈ ವರ್ಷ ನಮ್ಮ 7 ಬೆನ್ ಹಂಟ್. ರಾಕ್‌ಹ್ಯಾಂಪ್ಟನ್‌ನಲ್ಲಿ ಹುಟ್ಟಿ, 2009ರಿಂದ ಬ್ರಿಸ್ಬೇನ್ ಬ್ರಾಂಕೋಸ್ ಪರವಾಗಿ ಆಡಿದವನು. ಮುಂದಿನ ತಿಂಗಳು ಇಪ್ಪತ್ತೆಂಟು ತುಂಬುತ್ತದೆ. ಅವನನ್ನು ಡ್ರ್ಯಾಗನ್ಸ್ ಐದು ವರ್ಷಕ್ಕೆ ಸುಮಾರು 60 ಲಕ್ಷ ಡಾಲರಿಗೆ ಕರೆತಂದಿದೆ ಎಂದು ಪತ್ರಿಕೆಗಳು ಬರೆದಿವೆ. ಒಪ್ಪಂದಕ್ಕೆ ಸಹಿ ಬಿದ್ದದ್ದು ಕಳೆದ ವರ್ಷದ ಆರಂಭದಲ್ಲಿ, ಅವನಿನ್ನೂ ಬ್ರಿಸ್ಬೇನಿನಲ್ಲಿ ಆಡುತ್ತಿದ್ದಾಗ. ಆಮೇಲೆ ಅಲ್ಲಿ ಅವನ ಆಟ ಕೆಟ್ಟಿತು. ಗಾಯವಾಯಿತು, ಕೋಡಿ ನಿಕೊರಿಮಾ ಆ ಸ್ಥಾನಕ್ಕೆ ಬಂದ, ಹಂಟ್ ಎರಡನೆಯ ದರ್ಜೆಯ ಇಪ್ಸ್‌ವಿಚ್ ಜೆಟ್ಸ್ ತಂಡದಲ್ಲಿ ಆಡಬೇಕಾಯಿತು. ಋತುವಿನ ಕೊನೆಯಲ್ಲಿ ಆಂಡ್ರೂ ಮೆಕಲ್ಲೋ ಗಾಯಗೊಂಡಾಗ ಹಂಟ್ ತನ್ನದಲ್ಲದ ಹುಕರ್ (ಟ್ಯಾಕಲ್ ಆದ ಮೇಲೆ ನೆಲದಿಂದ ಚೆಂಡೆತ್ತಿ ಜೊತೆಗಾರರಿಗೆ ಕೊಡುವವನು) ಸ್ಥಾನದಲ್ಲಿ ಆಡಿದ. ಇಷ್ಟೊಂದು ಹಣ ಕೊಟ್ಟು ನಾವು ತಂದುಕೊಂಡದ್ದು ಎರಡನೆಯ ದರ್ಜೆಗೆ ಇಳಿದ ಆಟಗಾರನನ್ನೇ ಎಂಬುದು ಇಲ್ಲಿಯವರ ಸಂಕಟ.

ಆ ಸಂಕಟದಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ. ನಮ್ಮ ವಿಭಾಗದ ಹಿರಿಯರೊಬ್ಬರು ಸ್ಟೀಲರ್ಸ್ ಕಾಲದಿಂದಲೂ ಈ ತಂಡದ ಹಿಂದೆ ಇರುವವರು. ಅವರು ಲೆಕ್ಕ ಹಾಕಿಯೇ ಮಾತನಾಡುತ್ತಾರೆ. ಲೀಗಿನಲ್ಲಿ ಒಂದು ತಂಡ ತನ್ನ ಮೂವತ್ತು ಆಟಗಾರರಿಗೆ ಒಟ್ಟಾರೆ ಕೊಡಬಹುದಾದ ಸಂಬಳಕ್ಕೆ ಮಿತಿಯಿದೆ. ಈ ವರ್ಷ ಅದು ಸುಮಾರು 94 ಲಕ್ಷ ಡಾಲರ್. ಪತ್ರಿಕೆಗಳು ಹೇಳುವ ಮೊತ್ತ ನಿಜವಾದರೆ ಅದರ ಎಂಟನೆಯ ಒಂದು ಭಾಗ ಹಂಟ್ ಒಬ್ಬನಿಗೇ ಹೋಗುತ್ತದೆ, ಆ ಹಣದಲ್ಲಿ ಇಬ್ಬರು ಒಳ್ಳೆಯ ಫಾರ್ವರ್ಡ್‌ಗಳು, ಅಂದರೆ ಎದುರಾಳಿಗಳ ಮೇಲೆ ನುಗ್ಗಿ ನೆಲ ಗೆದ್ದುಕೊಡುವ ಬಲಶಾಲಿ ಆಟಗಾರರು, ಬರುತ್ತಿದ್ದರು ಎನ್ನುವುದು ಅವರ ವಾದ. ಕಳೆದ ವರ್ಷದ ನೋವೂ ಅವರ ಮಾತಿನಲ್ಲಿದೆ. ಋತುವಿನ ಆರಂಭದಲ್ಲಿ ಮೇಲಿನ ಸಾಲಿನಲ್ಲಿದ್ದ ಡ್ರ್ಯಾಗನ್ಸ್ ಜಾರುತ್ತಾ ಬಂದು, ಕೊನೆಯ ಪಂದ್ಯದಲ್ಲಿ ಬುಲ್‌ಡಾಗ್ಸ್ ಎದುರು 26-20ರಿಂದ ಸೋತು ಒಂಬತ್ತನೆಯ ಸ್ಥಾನಕ್ಕೆ ಬಿತ್ತು. ಸೆಪ್ಟೆಂಬರಿನಲ್ಲಿ ಶುರುವಾಗುವ ಕೊನೆಯ ಸುತ್ತುಗಳಾದ ಫೈನಲ್ಸ್‌ಗೆ ಎಂಟು ತಂಡಗಳಿಗೆ ಮಾತ್ರ ಪ್ರವೇಶ. ನಾವು ಬಿಟ್ಟ ಎಂಟನೆಯ ಸ್ಥಾನದಲ್ಲಿ ಒಳಗೆ ಹೋದ ನಾರ್ತ್ ಕ್ವೀನ್ಸ್‌ಲ್ಯಾಂಡ್ ಕೌಬಾಯ್ಸ್ ಕಪ್ ತೀರ್ಮಾನಿಸುವ ಗ್ರ್ಯಾಂಡ್ ಫೈನಲ್‌ವರೆಗೂ ಆಡಿತು.

ಕಿರಿಯರ ಆಕ್ಷೇಪ ಬೇರೆ. ಅವರು ಹಣದ ಮಾತೇ ಎತ್ತುವುದಿಲ್ಲ, 2015ರ ಗ್ರ್ಯಾಂಡ್ ಫೈನಲ್ ಎತ್ತುತ್ತಾರೆ. ಅಕ್ಟೋಬರ್ 4ರಂದು ಸಿಡ್ನಿಯಲ್ಲಿ ಬ್ರಾಂಕೋಸ್ ಮತ್ತು ಇದೇ ಕೌಬಾಯ್ಸ್ ನಡುವೆ ನಡೆದ ಪಂದ್ಯ ಅದು. ಕೊನೆಯ ಕ್ಷಣದವರೆಗೂ ಬ್ರಾಂಕೋಸ್ 16-12ರಿಂದ ಮುಂದಿತ್ತು. ಸಮಯ ಮುಗಿಯುವ ಹೊತ್ತಿಗೆ ಸರಿಯಾಗಿ ಮೈಕೆಲ್ ಮಾರ್ಗನ್ ಕೊಟ್ಟ ಚೆಂಡನ್ನು ಕೈಲ್ ಫೆಲ್ಟ್ ಮೂಲೆಯಲ್ಲಿ ನೆಲಕ್ಕೆ ಮುಟ್ಟಿಸಿ ಅಂಕ ಸಮ ಮಾಡಿದ; ಇದನ್ನು ಟ್ರೈ ಎನ್ನುತ್ತಾರೆ. ಜೊನಾಥನ್ ಥರ್ಸ್ಟನ್ ಅಂಚಿನಿಂದ ಒದ್ದ ಕನ್ವರ್ಶನ್ (ಟ್ರೈ ಆದ ಮೇಲೆ ಹೆಚ್ಚಿನ ಅಂಕಕ್ಕಾಗಿ ಸಿಗುವ ಒದೆತ) ಗೋಲಿನ ಕಂಬಕ್ಕೆ ಬಡಿದು ಹಿಂದಿರುಗಿತು. ಮೊದಲು ಅಂಕ ಗಳಿಸಿದವರು ಗೆದ್ದಂತೆ ಎನ್ನುವ ಗೋಲ್ಡನ್ ಪಾಯಿಂಟ್ ಶುರುವಾಯಿತು. ಕಿಕ್-ಆಫ್‌ನಲ್ಲಿ ಎತ್ತರಕ್ಕೆ ಹೋದ ಚೆಂಡು ಹಂಟ್ ಕೈಗೆ ಬಂದು ಜಾರಿತು. ಅದನ್ನು ಎತ್ತಿಕೊಂಡ ಕೌಬಾಯ್ಸ್‌ಗೆ ಥರ್ಸ್ಟನ್, ಆಟದ ನಡುವೆಯೇ ಚೆಂಡನ್ನು ಗೋಲಿನ ಕಂಬಗಳ ನಡುವೆ ಒದೆಯುವ ಫೀಲ್ಡ್ ಗೋಲ್ ಹೊಡೆದು, 17-16ರಲ್ಲಿ ಕಪ್ ತಂದುಕೊಟ್ಟ. ಮಂಡಿಯೂರಿ ಕುಳಿತ ಹಂಟ್‌ನ ಚಿತ್ರವನ್ನು ಈ ದೇಶದಲ್ಲಿ ನೋಡದವರಿಲ್ಲ. ಒತ್ತಡದಲ್ಲಿ ಅವನ ಕೈ ನಿಲ್ಲುವುದಿಲ್ಲ, ಸೆಪ್ಟೆಂಬರಿನಲ್ಲಿ ಮತ್ತೆ ಇದೇ ಆಗುತ್ತದೆ ಎಂದು ಹುಡುಗರು ಹೇಳುತ್ತಾರೆ.

ಇದನ್ನು ಮಾತ್ರ ನಾನು ಒಪ್ಪುವುದಿಲ್ಲ, ಅಪ್ಪ. ಆ ಪಂದ್ಯ ಗೋಲ್ಡನ್ ಪಾಯಿಂಟ್‌ಗೆ ಹೋದದ್ದೇ ಇಡೀ ತಂಡ ಕೊನೆಯ ಕ್ಷಣದಲ್ಲಿ ಟ್ರೈ ಬಿಟ್ಟುಕೊಟ್ಟದ್ದರಿಂದ. ಎಂಬತ್ತು ನಿಮಿಷ ಓಡಿ ದಣಿದವನ ಕೈಯಿಂದ ಒಂದು ಚೆಂಡು ಜಾರಿದ್ದನ್ನು ಅವನ ಸ್ವಭಾವವೆಂದು ತೀರ್ಪು ಕೊಡುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ನಮ್ಮೂರಿನ ವಿಶ್ವನಾಥ್ ಅವರು 1969ರಲ್ಲಿ ಕಾನ್ಪುರದಲ್ಲಿ ಇದೇ ಆಸ್ಟ್ರೇಲಿಯಾದ ಎದುರು ಮೊದಲ ಟೆಸ್ಟ್ ಆಡಿದಾಗ ಮೊದಲ ಇನಿಂಗ್ಸಿನಲ್ಲಿ ಸೊನ್ನೆಗೆ ಔಟಾಗಿ, ಎರಡನೆಯದರಲ್ಲಿ 137 ಹೊಡೆದದ್ದನ್ನು ನೀವು ನಮಗೆ ಊಟದ ಹೊತ್ತಿನಲ್ಲಿ ಹೇಳುತ್ತಿದ್ದಿರಿ. ಆ ಕಥೆಯನ್ನು ನಾನು ಇಲ್ಲಿ ಹೇಳಿದಾಗ ಹಿರಿಯರು ಆಸಕ್ತಿಯಿಂದ ಕೇಳಿದರು, ಆದರೆ ವಿಶ್ವನಾಥ್ ಅವರಿಗೆ ಎರಡನೆಯ ಇನಿಂಗ್ಸ್ ಅದೇ ಪಂದ್ಯದಲ್ಲಿ ಸಿಕ್ಕಿತು, ಹಂಟ್‌ಗೆ ಎರಡು ವರ್ಷ ಕಳೆದರೂ ಸಿಕ್ಕಿಲ್ಲವಲ್ಲ ಎಂದರು. ಅದು ಸರಿಯಾದ ಮಾತೇ.

ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಅವನು ಬ್ರಿಸ್ಬೇನಿನಲ್ಲಿ ಮಾಡಬೇಕಾಗಿದ್ದ ಕೆಲಸ. ಅಲ್ಲಿ ಅವನ ಜೊತೆ 6ರ ಸ್ಥಾನದಲ್ಲಿದ್ದ ಆಂಥನಿ ಮಿಲ್ಫರ್ಡ್ ಚೆಂಡು ಹಿಡಿದು ಓಡುವ ಆಟಗಾರ. ಕಣ್ಣಿಗೆ ಹಬ್ಬ, ಆದರೆ ಆಟ ಕಟ್ಟುವ, ಒದೆಯುವ ಹೊರೆಯಲ್ಲಿ ಹೆಚ್ಚಿನ ಪಾಲು ಹಂಟ್ ತಲೆಯ ಮೇಲೆ ಬೀಳುತ್ತಿತ್ತು. ಹಂಟ್ ಕೂಡ ಸ್ವಭಾವತಃ ಓಡುವವನೇ. ರಕ್ಷಣೆಯ ಸಾಲು ಒಂದು ಹೆಜ್ಜೆ ತಡವರಿಸಿದರೆ ಸಾಕು, ಆ ಸಂದಿಯಲ್ಲಿ ನುಗ್ಗಿಬಿಡುವ ಚುರುಕು ಅವನ ಕಾಲಿನಲ್ಲಿದೆ. ಪ್ರತಿ ಬಾರಿಯೂ ಒದೆತದ ಚಿಂತೆ ಹೊತ್ತವನಿಗೆ ಆ ಸಂದಿ ಕಾಣುವುದಾದರೂ ಹೇಗೆ? ಡ್ರ್ಯಾಗನ್ಸ್‌ನಲ್ಲಿ ಅವನ ಪಕ್ಕಕ್ಕೆ ಗ್ಯಾರೆತ್ ವಿಡಪ್ ಇರುತ್ತಾನೆ. ಈ ಇಂಗ್ಲೆಂಡಿನ ಆಟಗಾರ 2012ರಲ್ಲಿ ಮೆಲ್ಬರ್ನ್ ಸ್ಟಾರ್ಮ್ ಕಪ್ ಗೆದ್ದಾಗ ಕೂಪರ್ ಕ್ರಾಂಕ್ ಪಕ್ಕದಲ್ಲಿ 6 ಆಗಿ ಆಡಿದವನು; ಒಳ್ಳೆಯ 7ರ ಜೊತೆ ಹೊಣೆ ಹಂಚಿಕೊಳ್ಳುವುದು ಅವನಿಗೆ ಹೊಸದಲ್ಲ, ಒದೆಯುವುದರಲ್ಲೂ ಸಮರ್ಥ. ಮುಂದಿನ ಸಾಲಿನಲ್ಲಿ ಪಾಲ್ ವಾನ್, ಟೈಸನ್ ಫ್ರಿಝೆಲ್ ಅಂಥವರಿದ್ದಾರೆ, ಕಳೆದ ವರ್ಷ ನಮ್ಮನ್ನು ಮನೆಗೆ ಕಳಿಸಿದ ಬುಲ್‌ಡಾಗ್ಸ್‌ನಿಂದಲೇ ಜೇಮ್ಸ್ ಗ್ರಹಾಮ್ ಬಂದಿದ್ದಾನೆ. ಫಾರ್ವರ್ಡ್‌ಗಳು ನೆಲ ಗೆದ್ದುಕೊಟ್ಟರೆ ಹಾಫ್‌ಬ್ಯಾಕ್‌ಗೆ ಯೋಚಿಸಲು ಸಮಯ ಸಿಗುತ್ತದೆ. ಹಾಗಾಗಿ ಇಬ್ಬರು ಫಾರ್ವರ್ಡ್‌ಗಳನ್ನು ಕೊಳ್ಳಬೇಕಿತ್ತು ಎನ್ನುವ ವಾದ ಈ ವರ್ಷದ ಮಟ್ಟಿಗೆ ನಿಲ್ಲುವುದಿಲ್ಲ. ಅವರಿದ್ದಾರೆ, ಅವರು ಗೆದ್ದ ನೆಲವನ್ನು ಅಂಕವಾಗಿಸುವವನೇ ಬೇಕಿತ್ತು.

ಇನ್ನೊಂದು ವಿಷಯವಿದೆ. ಬ್ರಿಸ್ಬೇನಿನಲ್ಲಿ ಜಾಗ ಕಳೆದುಕೊಂಡ ಅದೇ 2017ರಲ್ಲಿ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಆಯ್ಕೆಗಾರರು ನ್ಯೂ ಸೌತ್ ವೇಲ್ಸ್ ಎದುರು ಪ್ರತಿ ವರ್ಷ ಆಡುವ ಸ್ಟೇಟ್ ಆಫ್ ಆರಿಜಿನ್ ಸರಣಿಯ ಮೂರನೆಯ ಪಂದ್ಯಕ್ಕೆ ಅವನನ್ನು ಮೊದಲ ಬಾರಿ ತೆಗೆದುಕೊಂಡರು. ಅದಕ್ಕಿಂತ ಕಠಿಣವಾದ ಪಂದ್ಯ ಈ ಆಟದಲ್ಲಿಲ್ಲ. ಅವನ ಕೈ ನಡುಗುತ್ತದೆ ಎಂದು ಅವರು ಎಣಿಸಿದ್ದರೆ ಕರೆಯುತ್ತಿರಲಿಲ್ಲ.

ನನಗಿರುವ ಭಯ ಬೇರೆ. ಮೊದಲ ನಾಲ್ಕೈದು ವಾರದಲ್ಲಿ ಎರಡು ಪಂದ್ಯ ಸೋತರೆ ಈ ಊರಿನ ಜನ ತಾಳ್ಮೆ ಕಳೆದುಕೊಳ್ಳುತ್ತಾರೆ, ಪ್ರತಿ ತಪ್ಪಿಗೂ ಅವನ ಸಂಬಳ ಹೇಳಿ ಕೂಗುತ್ತಾರೆ. ಆ ಹಣದ ಮೊತ್ತ ತಂಡವೇ ಕೊಡಲೊಪ್ಪಿದ್ದು. ಅದನ್ನು ಮರೆತು ಕೂಗಿದರೆ ನಮ್ಮ ಆಟಗಾರನನ್ನು ನಾವೇ ಕೆಡಿಸಿದ ಹಾಗಾಗುತ್ತದೆ ಎಂದು ನಾನು ಶುಕ್ರವಾರ ಹೇಳಿದೆ. ಹಿರಿಯರು ಒಪ್ಪಲಿಲ್ಲ, ಆದರೆ ಜೂನ್‌ವರೆಗೆ ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟಿದ್ದಾರೆ.

ಋತುವಿನ ಮೊದಲ ಪಂದ್ಯ ಮಾರ್ಚ್ 8, ಗುರುವಾರ, ಸಿಡ್ನಿಯ ಕೊಗರಾದಲ್ಲಿ. ಎದುರಾಳಿ ಹಂಟ್‌ನ ಹಳೆಯ ಬ್ರಾಂಕೋಸ್. ಅದರ ತರಬೇತುದಾರ ವೇಯ್ನ್ ಬೆನೆಟ್, 2010ರಲ್ಲಿ ಡ್ರ್ಯಾಗನ್ಸ್‌ಗೆ ಕಪ್ ಗೆಲ್ಲಿಸಿಕೊಟ್ಟವರು, ಹಂಟ್‌ನ ಬಲವನ್ನೂ ದೌರ್ಬಲ್ಯವನ್ನೂ ಬಲ್ಲವರು. ಚೆಂಡನ್ನು ಎತ್ತರಕ್ಕೆ ಒದ್ದು ಅವನ ಕಡೆಗೇ ಬೀಳಿಸುತ್ತಾರೆ ಎಂದು ನಾವೆಲ್ಲ ಎಣಿಸುತ್ತಿದ್ದೇವೆ. ಇಲ್ಲಿಯ ರಾತ್ರಿ ಎಂಟು ಗಂಟೆ ಎಂದರೆ ನಿಮಗೆ ಮಧ್ಯಾಹ್ನ ಎರಡೂವರೆ. ತಮ್ಮನಿಗೆ ಹೇಳಿ ಕಂಪ್ಯೂಟರಿನಲ್ಲಿ ಹಾಕಿಸಿಕೊಳ್ಳಿ. ಉಳಿದದ್ದು ಅರ್ಥವಾಗದಿದ್ದರೂ ಚಿಂತೆಯಿಲ್ಲ. ಐದನೆಯ ಟ್ಯಾಕಲ್ ಆದ ಮೇಲೆ ಕೆಂಪು 'ವಿ' ಇರುವ ಬಿಳಿ ಅಂಗಿಯ 7ರವನು ಒದೆಯುತ್ತಾನೋ, ವಿಡಪ್‌ಗೆ ಬಿಡುತ್ತಾನೋ, ಇಲ್ಲವೇ ತಾನೇ ಓಡುತ್ತಾನೋ ನೋಡಿ, ನಿಮಗೆ ಏನನ್ನಿಸಿತೆಂದು ಅಂದೇ ಫೋನ್ ಮಾಡಿ ತಿಳಿಸಿ.

ಅಮ್ಮನಿಗೆ ನನ್ನ ನಮಸ್ಕಾರ, ತಮ್ಮನಿಗೆ ಆಶೀರ್ವಾದ.

ಇತಿ,
ನಿಮ್ಮ ಪ್ರೀತಿಯ ಮಗಳು