ಹುಡುಕುವ ಕೂಲಿಗೆ ಮಾತ್ರ ಯಾಕೆ ಚೌಕಾಸಿ?

ಮಾನ್ಯರೇ,

ಮಳೆ ಬಂದ ಮರುದಿನ ಕಾರಿನ ಮೀಟರ್ ಬೋರ್ಡಿನಲ್ಲಿ ದೀಪಗಳೆಲ್ಲ ಒಟ್ಟಿಗೆ ಹತ್ತಿಕೊಳ್ಳುತ್ತವೆ, ವರ್ಕ್‌ಶಾಪಿಗೆ ಒಯ್ದರೆ ಆರಿಹೋಗಿರುತ್ತವೆ, ಬಿಲ್ ಮಾತ್ರ ತಪ್ಪುವುದಿಲ್ಲ ಎಂದು ಓದುಗರೊಬ್ಬರು ಈ ಅಂಕಣದಲ್ಲಿ ಬೇಸರ ತೋಡಿಕೊಂಡಿದ್ದರು. ಮಂಡ್ಯದಲ್ಲಿ ಆಟೋ ಎಲೆಕ್ಟ್ರಿಕಲ್ ಅಂಗಡಿ ಇಟ್ಟುಕೊಂಡಿರುವ ನನಗೆ ಅವರ ಸಿಟ್ಟು ಸರಿ ಅನಿಸಿತು. ಆದರೆ ದೋಷ ಹುಡುಕುವ ಕೂಲಿಯ ಬಗ್ಗೆ ಗಾಡಿ ಮಾಲೀಕರಿಗೂ ಒಂದು ಮಾತು ಹೇಳಬೇಕಿದೆ.

ಈಗಿನ ಕಾರಿನಲ್ಲಿ ಎಂಜಿನ್‌ಗೊಂದು, ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ನೋಡಿಕೊಳ್ಳುವ ಎಬಿಎಸ್‌ಗೊಂದು, ಸ್ಟೀರಿಂಗ್‌ಗೊಂದು, ಏರ್‌ಬ್ಯಾಗ್‌ಗೊಂದು ಅಂತ ಕಂಪ್ಯೂಟರ್ ಪೆಟ್ಟಿಗೆಗಳಿವೆ. ಇವು ಒಂದಕ್ಕೊಂದು ಮಾತಾಡಿಕೊಳ್ಳುವುದು ಜೊತೆಯಾಗಿ ಹೊಸೆದ ಎರಡು ಸಣ್ಣ ವೈರುಗಳ ಮೇಲೆ. ಅದಕ್ಕೆ ಕ್ಯಾನ್ ಲೈನ್ ಅನ್ನುತ್ತೇವೆ. ಜರ್ಮನಿಯ ಬಾಷ್ ಕಂಪನಿ 1986ರಲ್ಲೇ ಜಗತ್ತಿಗೆ ತೋರಿಸಿದ್ದು, ಹೊಸದೇನಲ್ಲ. ಈ ಲೈನಿನಲ್ಲಿ ಎಲ್ಲೋ ಲೂಸ್ ಕಾಂಟ್ಯಾಕ್ಟ್ ಆದರೆ, ಈ ಪೆಟ್ಟಿಗೆಗಳು ದಾಖಲಿಸಿದ ದೋಷ ಓದುವ ಸ್ಕ್ಯಾನರ್‌ನಲ್ಲಿ ‘ಯು’ ಅಕ್ಷರದ ಕೋಡ್ ಬರುತ್ತದೆ. ಯು0100 ಬಂದರೆ ಎಂಜಿನ್ ಪೆಟ್ಟಿಗೆಯ ಮಾತು ಕೇಳಿಸುತ್ತಿಲ್ಲ, ಯು0121 ಬಂದರೆ ಎಬಿಎಸ್ ಪೆಟ್ಟಿಗೆಯದು ಕೇಳಿಸುತ್ತಿಲ್ಲ ಎಂದರ್ಥ. ಫೋನ್ ಮಾಡಿದಾಗ ‘ಸಂಪರ್ಕಕ್ಕೆ ಸಿಗುತ್ತಿಲ್ಲ’ ಅಂತ ಬರುತ್ತದಲ್ಲ, ಅಷ್ಟೇ. ಆ ಕಡೆಯ ಫೋನ್ ಕೆಟ್ಟಿದೆ ಅಂತ ಅದು ಹೇಳುವುದಿಲ್ಲ. ಆದರೆ ಎಷ್ಟೋ ಕಡೆ ಕೋಡ್ ನೋಡಿದ ಕೂಡಲೇ ಪೆಟ್ಟಿಗೆಯನ್ನೇ ಬದಲಿಸಿಬಿಡುತ್ತಾರೆ.

ಪಾಂಡವಪುರ ಕಡೆಯ ಆಲೆಮನೆ ಯಜಮಾನರೊಬ್ಬರ ಕಾರು ಹೋದ ಮಳೆಗಾಲದಲ್ಲಿ ಬಂತು. ನಾಲೆ ಏರಿಯ ಗುಂಡಿಗಳಲ್ಲಿ ಎಬಿಎಸ್ ದೀಪ ಹತ್ತುತ್ತದೆ, ಕೀ ಆಫ್ ಮಾಡಿ ಆನ್ ಮಾಡಿದರೆ ಮಾಯ. ಬ್ಯಾಟರಿ ಕೇಬಲ್ ಬಿಚ್ಚಿ, ಸ್ಟೀರಿಂಗ್ ಕೆಳಗೆ ಸ್ಕ್ಯಾನರ್ ಸಿಕ್ಕಿಸುವ ಓಬಿಡಿ ಪೋರ್ಟಿನಲ್ಲಿ ಕ್ಯಾನ್ ಲೈನ್ ಬರುವ 6 ಮತ್ತು 14ನೇ ಪಿನ್ನಿಗೆ ಮಲ್ಟಿಮೀಟರ್ ಹಿಡಿದೆ. ಲೈನಿನ ಎರಡೂ ತುದಿಯಲ್ಲಿ 120 ಓಮ್‌ನ ಒಂದೊಂದು ರೆಸಿಸ್ಟರ್ ಇರುತ್ತದೆ. ಎರಡೂ ಪ್ಯಾರಲಲ್ ಆಗಿರುವುದರಿಂದ ಒಟ್ಟು ಅರ್ಧಕ್ಕಿಳಿದು ಮೀಟರ್ 60 ತೋರಿಸಬೇಕು. ತೋರಿಸಿತು. ಮೀಟರ್ ಮೇಲೆ ಕಣ್ಣಿಟ್ಟುಕೊಂಡೇ ಹುಡುಗನಿಗೆ ‘ವೈರಿಂಗ್ ಅಲ್ಲಾಡಿಸ್ತಾ ಬಾರೋ’ ಅಂದೆ. ಬಾನೆಟ್ ಒಳಗೆ ಎಬಿಎಸ್ ಪೆಟ್ಟಿಗೆಗೆ ವೈರು ಸಿಕ್ಕಿಸುವ ಕಪ್ಲರ್ ಹಿಂದಿನ ವೈರ್ ಕಟ್ಟನ್ನು ಎಳೆದ ಕೂಡಲೇ 120ಕ್ಕೆ ಹಾರಿತು. ಬಿಟ್ಟರೆ ಮತ್ತೆ 60. ಆ ಕಾರಿನಲ್ಲಿ ಒಂದು ತುದಿಯ ರೆಸಿಸ್ಟರ್ ಇರುವುದೇ ಎಬಿಎಸ್ ಪೆಟ್ಟಿಗೆಯೊಳಗೆ; ಅಲ್ಲಿ ಕಾಂಟ್ಯಾಕ್ಟ್ ತಪ್ಪಿದರೆ ಮೀಟರಿಗೆ ಇನ್ನೊಂದು ತುದಿಯ 120 ಮಾತ್ರ ಸಿಗುತ್ತದೆ. ಕಪ್ಲರ್ ಬಿಚ್ಚಿದರೆ ಒಂದು ಪಿನ್ನಿಗೆ ಹಸಿರು ಕಿಲುಬು. ಅದು ಕೂರುವ ಟರ್ಮಿನಲ್ ಬಾಯಿ ಅಗಲವಾಗಿತ್ತು. ಯಾರೋ ದಪ್ಪ ಸೂಜಿ ಚುಚ್ಚಿ ಕರೆಂಟ್ ನೋಡಿದ್ದಾರೆ. ಟರ್ಮಿನಲ್ ಬದಲಿಸಿ, ಪಿನ್ ಕ್ಲೀನ್ ಮಾಡಿದೆವು.

ಇದಕ್ಕೂ ಮೊದಲು ಬೇರೊಂದು ಕಡೆ ಎಬಿಎಸ್ ಪೆಟ್ಟಿಗೆಯೇ ಹೋಗಿದೆ ಅಂದಿದ್ದರಂತೆ. ಹೊಸದು ಹಾಕಿದ್ದರೆ ಕಪ್ಲರ್ ಬಿಚ್ಚಿ ಹಾಕಿದ ಕಾರಣಕ್ಕೇ ಕೆಲವು ದಿನ ಎಲ್ಲ ಸರಿ ಇರುತ್ತಿತ್ತು! ಪೆಟ್ಟಿಗೆ ಬದಲಿಸಿದ್ದು ಸರಿಯಾಯಿತು ಅಂತ ಎಲ್ಲರೂ ನಂಬುವುದು ಹೀಗೇ.

ಈಗ ನನ್ನ ಮಾತಿಗೆ ಬರುತ್ತೇನೆ. ಬಿಲ್ ನೋಡಿದ ಯಜಮಾನರು, ‘ಒಂದು ಪಿನ್ ಹಾಕೋಕೆ ಇಷ್ಟಾ?’ ಅಂದರು. ಪಿನ್ನಿಗೆ ಚಿಲ್ಲರೆ ಕಾಸು, ನಿಜ. ಮಧ್ಯಾಹ್ನದವರೆಗೆ ಹುಡುಕಿದ್ದಕ್ಕೆ? ಇವರೇ ಆ ಪೆಟ್ಟಿಗೆಗೆ ಹತ್ತಾರು ಸಾವಿರ ಕೊಡಲು ತಯಾರಿದ್ದವರು. ಕೈಗೆ ಸಿಗುವ ಸಾಮಾನಿಗೆ ಜನ ಮಾತಾಡದೆ ದುಡ್ಡು ಕೊಡುತ್ತಾರೆ, ಹುಡುಕಿದ ಕೂಲಿಗೆ ಚೌಕಾಸಿ ಮಾಡುತ್ತಾರೆ. ಹೀಗಿದ್ದರೆ ಮೆಕ್ಯಾನಿಕ್ ಆದರೂ ಯಾಕೆ ಹುಡುಕುತ್ತಾನೆ? ನಮ್ಮವರ ಸೋಮಾರಿತನವೂ ಇದೆ, ಇಲ್ಲ ಅನ್ನುವುದಿಲ್ಲ. ಮೀಟರ್ ಮುಟ್ಟದೆ ಸ್ಕ್ಯಾನರ್ ಒಂದನ್ನೇ ನಂಬಿ ಕೂತವರು ಜಾಸ್ತಿ ಆಗಿದ್ದಾರೆ.

ಹಾಗಾಗಿ ಪೆಟ್ಟಿಗೆ ಬದಲಿಸಲು ಒಪ್ಪುವ ಮೊದಲು ಕೇಳಿ: ಲೈನ್ ಎಷ್ಟು ಓಮ್ ಇತ್ತು? ಪೆಟ್ಟಿಗೆಗೆ ಕರೆಂಟ್ ಮತ್ತು ಅರ್ತ್ ಸರಿಯಾಗಿ ಬರುತ್ತಿದೆಯಾ? 60 ಬಂದ ಮಾತ್ರಕ್ಕೆ ಎಲ್ಲ ಸರಿ ಅಂತಲ್ಲ. ಅರ್ತ್ ಕೆಟ್ಟಿದ್ದರೂ 60 ಬರುತ್ತದೆ. ಬ್ಯಾಟರಿ ಸೊರಗಿದ್ದರೆ ಸ್ಟಾರ್ಟ್ ಮಾಡುವಾಗ ವೋಲ್ಟೇಜ್ ಕುಸಿದು ನಾಲ್ಕೈದು ಕೋಡ್ ಒಟ್ಟಿಗೆ ಬೀಳುವುದೂ ಉಂಟು. ಕೋಡುಗಳನ್ನು ಬರೆದುಕೊಳ್ಳದೆ ಅಳಿಸಲು ಬಿಡಬೇಡಿ. ಅಳಿಸಿದರೆ ಇದ್ದ ಸುಳಿವೂ ಹೋಯಿತು. ನಿಮ್ಮ ಕಡೆಯಿಂದ, ದೀಪ ಹತ್ತಿದ್ದು ವಾಟರ್ ವಾಶ್ ಆದ ಮೇಲೋ, ಗುಂಡಿಯಲ್ಲೋ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗಲೋ ಅಂತ ಗಮನಿಸಿ. ಪಕ್ಕದಲ್ಲಿ ಕೂತವರ ಕೈಲಿ ಮೊಬೈಲ್‌ನಲ್ಲಿ ವಿಡಿಯೊ ಮಾಡಿಸಿ. ಗಾಡಿ ಕೊಂಡ ಮೇಲೆ ಹಾಕಿಸಿದ ಕ್ಯಾಮೆರಾ, ಜಿಪಿಎಸ್ ಏನಾದರೂ ಇದ್ದರೆ ಮುಚ್ಚಿಡದೆ ಹೇಳಿ. ಆ ವೈರ್ ಎಲ್ಲಿಂದ ಎಳೆದಿದ್ದಾರೋ ಅಲ್ಲೇ ಮೊದಲು ನೋಡುವುದು ನಾವು.

ಕಬ್ಬಿನ ಗದ್ದೆ ಪಕ್ಕ ರಾತ್ರಿ ಗಾಡಿ ನಿಲ್ಲಿಸುವವರಿಗೆ ಇಲಿ ಕಾಟ ಗೊತ್ತೇ ಇದೆ. ಇಲಿ ಕಡಿದ ಕ್ಯಾನ್ ವೈರಿಗೆ ಸುಮ್ನೆ ಗಂಟು ಹಾಕಿಸಿ ಟೇಪ್ ಸುತ್ತಿಸಬೇಡಿ. ಗಟ್ಟಿಯಾಗಿ ಜೋಡಿಸಿ, ನೀರು ಹೋಗದಂತೆ ಮುಚ್ಚಿ, ಎರಡೂ ವೈರುಗಳನ್ನು ಮೊದಲಿನಂತೆಯೇ ಹೊಸೆಯಬೇಕು. ಉದ್ದಕ್ಕೆ ಬಿಚ್ಚಿ ಹಾಗೇ ಬಿಟ್ಟರೆ ಅಕ್ಕಪಕ್ಕದ ವೈರುಗಳ ಕರೆಂಟಿನ ಗದ್ದಲ ಒಳಗೆ ನುಗ್ಗಿ, ಮತ್ತೆ ಅದೇ ದೀಪ ಹತ್ತುತ್ತದೆ.

– ಒಬ್ಬ ಆಟೋ ಎಲೆಕ್ಟ್ರಿಷಿಯನ್, ಮಂಡ್ಯ